ಚಿಗುರಿದ ಗೂಟಗಳು

ನಿನ್ನೆಗಿಂತ ಇವತ್ತು ವಿಮಾನ ಇಳಿಯುವ ಬಯಲು ಕಿರಿದಾಗಿದೆ ಅನ್ನಿಸಿತು ಲೈಸನ್‌ಗೆ. ನೆಲವೇನು ಒಗೆದು ಹಾಕಿದ ಅಂಗಿಯೇ ಒಂದು ರಾತ್ರಿಯಲ್ಲಿ ಕುಗ್ಗುವುದಕ್ಕೆ, ಎಂದು ತನ್ನನ್ನು ತಾನೇ ಬೈದುಕೊಂಡ. ಬೈದರೂ ಕಣ್ಣು ಒಪ್ಪಲಿಲ್ಲ. ಹೋದ ಬೇಸಿಗೆಯಲ್ಲಿ ಈ ಗೂಟಗಳನ್ನು ನೆಡುವಾಗ, ವಿಮಾನ ರೆಕ್ಕೆ ಚಾಚಿ ಓಡಿದರೂ ಆಚೆಗೊಬ್ಬ ಈಚೆಗೊಬ್ಬ ಆರಾಮಾಗಿ ನಡೆದುಹೋಗುವಷ್ಟು ಜಾಗ ಬಿಟ್ಟಿದ್ದ. ಈಗ ಎರಡು ಸಾಲೂ ಒಂದೊಂದು ಹೆಜ್ಜೆ ಒಳಕ್ಕೆ ಬಂದು ನಿಂತ ಹಾಗಿದೆ. ಗಾಳಿಯಿಲ್ಲ. ಗಾಳಿಯ ದಿಕ್ಕು ತೋರಿಸಲು ಬಯಲಿನ ತುದಿಯ ಕಂಬಕ್ಕೆ ಕಟ್ಟಿದ ಗಾಳಿಚೀಲ, ಬಣ್ಣ ಹೋಗಿ ಹರಿದದ್ದು, ಕೊಯ್ದ ಕೋಳಿಯ ಕತ್ತಿನಂತೆ ಜೋತುಬಿದ್ದಿದೆ. ಆದರೆ ಗೂಟಗಳ ಎಲೆಗಳು ಮಾತ್ರ ಅಲ್ಲಾಡುತ್ತಿವೆ, ಒಂದೊಂದೇ, ಹಿಂದೆ ಯಾರೋ ನಿಂತು ಉಸಿರಾಡಿದ ಹಾಗೆ. ಗೂಟ ಅಂತ ಕರೆಯುವುದೇ ಈಗ ಸುಳ್ಳು. ಚಿಗುರಿ, ಕವಲೊಡೆದು, ಅವನ ಹೆಗಲು ಮುಟ್ಟುವಷ್ಟಾಗಿವೆ, ಕೀಳದಿದ್ದರೆ ವಿಮಾನದ ರೆಕ್ಕೆಗೆ ತಗಲುತ್ತವೆ. ಗುದ್ದಲಿ ಹಿಡಿದು ಮೊದಲನೆಯದರ ಮುಂದೆ ನಿಂತು ಬಹಳ ಹೊತ್ತಾಗಿತ್ತು, ಬಿಸಿಲು ಏರುತ್ತಿತ್ತು. ವಿಮಾನ ಇವತ್ತೇ ಬರುವುದು. ಊರಿಗೆಲ್ಲ ಇರುವ ಒಂದೇ ಒಂದು ದೊಡ್ಡ ಹುತ್ತದ ಮೇಲೆ ಹತ್ತಿದರೆ ಮಾತ್ರ ಫೋನಿಗೆ ಜೀವ ಬರುತ್ತದೆ. ಅಲ್ಲಿ ನಿಂತು ವಿಮಾನದ ಕ್ಯಾಪ್ಟನ್ ಸಿಲುಮೆಸಿಯ ಸಂದೇಶ ಓದಿದ್ದ. ಬಯಲು ಸರಿಯಿದ್ದರೆ ಇಳಿಯುತ್ತೇನೆ, ಇಲ್ಲದಿದ್ದರೆ ಮೇಲಿಂದ ಮೇಲೇ ಹೋಗುತ್ತೇನೆ.

ಇಳಿಯದೆ ಹೋದರೆ ಅವ್ವನ ಕಣ್ಣು ಹೋಯಿತು ಅಂತಲೇ. ಹೋದ ವರ್ಷ ಇದೇ ವಿಮಾನದಲ್ಲಿ ಬಂದ ಕಣ್ಣಿನ ಡಾಕ್ಟರಮ್ಮ ಟಾರ್ಚು ಬಿಟ್ಟು ನೋಡಿ, ಪೊರೆ ಇನ್ನೂ ಬಲಿತಿಲ್ಲ, ಮುಂದಿನ ಸಲ ಕರಕೊಂಡು ಹೋಗಿ ತೆಗೀತೀನಿ ಅಂದಿದ್ದಳು. ಮಳೆಗಾಲ ಮುಗಿಯುವಷ್ಟರಲ್ಲಿ ಎರಡು ಕಣ್ಣಿಗೂ ಗಂಜಿಯ ಕೆನೆ ಕಟ್ಟಿದ ಹಾಗಾಗಿದೆ. ಟಾರು ರಸ್ತೆ ಬಂತಲ್ಲ, ಇನ್ನು ನಿಮಗೆ ವಿಮಾನ ಯಾಕೆ ಅನ್ನುತ್ತಾರೆ ಪೇಟೆಯಲ್ಲಿ. ಬಂತು, ಯಾರಿಗೆ ಬಂತು? ಬಂದದ್ದು ನದಿಯ ಆಚೆ ದಡಕ್ಕೆ. ಈಚೆ ದಡದವರು ಪಾದ ಹೂಳುವ ಮರಳಲ್ಲಿ ಸೈಕಲ್ ನೂಕಿ, ದೋಣಿಯವನ ಕಾಲು ಹಿಡಿದು, ಆಚೆ ಹೋಗಿ ಬಸ್ಸಿಗೆ ಕೈ ಒಡ್ಡಬೇಕು. ಹಾಗೆ ಹೊರಟ ಅವ್ವನನ್ನು ಸೈಕಲ್ಲಿನಿಂದ ಬೀಳಿಸಿ, ಎಬ್ಬಿಸಿ, ಮತ್ತೆ ಬೀಳಿಸಿ ವಾಪಸ್ಸು ತಂದವನು ಅವನೇ. ಬಿದ್ದಾಗ ಅವಳು ಅಳಲಿಲ್ಲ, ನಕ್ಕಳು. ಮಗ ನಾಚಿಕೊಳ್ಳಬಾರದು ಅಂತ ನಕ್ಕ ನಗು ಅದು. ನೆನೆದರೆ ಈಗಲೂ ಅವನ ಕಿವಿ ಬಿಸಿಯಾಗುತ್ತದೆ. ನಕ್ಷೆಯ ಮೇಲೆ ಆ ರಸ್ತೆಯ ಗೆರೆ ಎಳೆದವನ ತಾಯನ್ನೂ ಒಂದು ಸಲ ಆ ಸೈಕಲ್ಲಿನ ಮೇಲೆ ಕೂರಿಸಬೇಕು ಅನ್ನಿಸುತ್ತದೆ.

ಆದರೆ ಗೂಟ ಕಡಿದು ತಂದವನೂ ಅವನೇ, ಯಾರನ್ನು ಬೈಯುವುದು. ಈ ಬಯಲು ಮಾಡಿಸಿದ್ದು ದುವಾರ್ತ್ ಎಂಬ ಜೇನುಮೇಣದ ವ್ಯಾಪಾರಿ. ಅವನೊಂದು ದಿನ ಮೇಣ ತುಂಬಿಕೊಂಡು ಹಾರಿಹೋದವನು ಮತ್ತೆ ಬರಲಿಲ್ಲ. ಆಮೇಲೂ ಲೈಸನ್‌ನ ಸೋದರಮಾವ ಮಕಿನಾ ಇದರ ಹುಲ್ಲು ಸವರುತ್ತ, ಕಾಡುಹಂದಿ ತೋಡಿದ ಗುಂಡಿ ಮುಚ್ಚುತ್ತ, ಹುತ್ತ ಏಳದಂತೆ ಕಾಯುತ್ತ ಬಂದ. ಇಲ್ಲಿ ವಂಶವೆಲ್ಲ ತಾಯಿಯ ಕಡೆಯಿಂದ: ಮಾವನ ಮನೆ, ಮಾವನ ಗುದ್ದಲಿ, ಮಾವನ ಬಯಲು ಅಳಿಯನಿಗೆ. ಆ ಅಳಿಯನೋ ಕಿಟ್ವೆಯ ಗಣಿ ಬೀದಿಗಳಲ್ಲಿ ಬೆಳೆದವನು. ಅಪ್ಪನನ್ನು ಮಣ್ಣು ಮಾಡಿ ಬರುವಷ್ಟರಲ್ಲಿ ಅಪ್ಪನ ಕಡೆಯವರು ಮನೆಗೆ ಬೇರೆ ಬೀಗ ಹಾಕಿದಾಗ ಶಾಲೆಯ ಚೀಲ ಸಮೇತ ಅವ್ವನ ಜೊತೆ ಬೀದಿಗೆ ಬಿದ್ದು, ಅವಳ ತವರಾದ ಈ ಊರಿಗೆ ಬಂದವನು. ಇಲ್ಲಿಯ ಒಂದು ಮರದ ಹೆಸರೂ ಗೊತ್ತಿರಲಿಲ್ಲ. ಬಯಲಿನ ಅಂಚಿಗಿಟ್ಟ ಬಿಳಿ ಕಲ್ಲುಗಳನ್ನೆಲ್ಲ ಊರವರು ಒಲೆ ಹೂಡಲು ಹೊತ್ತೊಯ್ದಿದ್ದರು. ಅಂಚು ಕಾಣದಿದ್ದರೆ ಇನ್ನು ಮೇಲೆ ಇಳಿಯಲ್ಲ ಅಂದಿದ್ದ ಕ್ಯಾಪ್ಟನ್. ಮಾವ ಒಳಗೆ ಚಾಪೆಯ ಮೇಲೆ ಕೆಮ್ಮುತ್ತಿದ್ದ. ಯಾವ ಮರ ಕಡಿಯಲಿ ಅಂತ ಕೇಳಬಹುದಿತ್ತು. ಬಾಗಿಲವರೆಗೆ ಹೋಗಿದ್ದ ಕೂಡ. ಕೇಳಿದರೆ, ಅದೂ ಗೊತ್ತಿಲ್ಲವಾ ನಿನಗೆ ಅನ್ನುವ ಆ ಮುಖ ನೋಡಬೇಕಲ್ಲ ಎಂದು ತಿರುಗಿ ಹೋಗಿ, ಹೊಳೆಯ ಬದಿ ಎಲೆಯುದುರಿ ನಿಂತಿದ್ದ ಮರದಿಂದ ನೆಟ್ಟನೆಯ, ಬಿಳಿಚಿದ, ಕೊಡಲಿಗೆ ಬೆಣ್ಣೆಯಂತೆ ಬರುವ ರೆಂಬೆಗಳನ್ನು ಕಡಿದು ತಂದ. ಅದು ಮುಯೊಂಬು ಎಂದು ಗೊತ್ತಾದದ್ದು ಮಳೆ ಬಿದ್ದು, ಮಾವ ಸತ್ತು, ಹುಲ್ಲು ಸವರಲು ಬಂದ ಹೆಂಗಸರು ಎಲೆ ನೋಡಿ ಕುಡುಗೋಲುಗಳನ್ನು ಅಲ್ಲಲ್ಲೇ ಬಿಟ್ಟು ಓಡಿದಾಗ. ಊರಲ್ಲಿ ಹಿರಿಯರು ಸತ್ತರೆ ಅವರ ಹೆಸರು ಕರೆದು ಮನೆಯ ಮುಂದೆ ಮುಯೊಂಬುವಿನ ರೆಂಬೆ ನೆಡುತ್ತಾರೆ. ಅದು ಚಿಗುರಿತೋ, ಸತ್ತವರು ಬಂದು ನಿಂತರು ಅಂತ. ಅವನು ಯಾರ ಹೆಸರನ್ನೂ ಕರೆಯದೆ ಎರಡು ಸಾಲು ನೆಟ್ಟಿದ್ದ. ಎಲ್ಲವೂ ಚಿಗುರಿದ್ದವು. ಒಂದೇ ಒಂದೂ ಒಣಗಿರಲಿಲ್ಲ.

ಅವತ್ತಿನಿಂದ ಈ ಬಯಲಿಗೆ ಯಾರೂ ಕಾಲಿಡಲಿಲ್ಲ. ಶಾಲೆಗೆ ಹೋಗುವ ಹಾದಿ ಕೂಡ ಬಳಸಿಕೊಂಡು ಹೊಳೆಯ ಕಡೆಯಿಂದ ಹೊಸದಾಗಿ ಬಿತ್ತು. ಹುಲ್ಲನ್ನೆಲ್ಲ ಅವನೊಬ್ಬನೇ ಸವರಿದ. ಅಂಗೈ ಬೊಬ್ಬೆ ಬಂದು, ಒಡೆದು, ಅದರ ಮೇಲೇ ಮತ್ತೆ ಬಂದು. ಸವರುವಾಗ ಬೆನ್ನ ಹಿಂದೆ ಮಾತು ತಟ್ಟನೆ ನಿಂತ ಹಾಗಾಗುತ್ತಿತ್ತು. ಮಾತು ಕೇಳಿಸುತ್ತಿರಲಿಲ್ಲ, ನಿಂತದ್ದು ಮಾತ್ರ ಕೇಳಿಸುತ್ತಿತ್ತು. ಜನ ತುಂಬಿದ ಕೋಣೆಗೆ ಬೇಡದವನು ಕಾಲಿಟ್ಟಾಗ ಆಗುತ್ತದಲ್ಲ, ಹಾಗೆ. ಅಪ್ಪನ ಶವಪೆಟ್ಟಿಗೆಯ ಸುತ್ತ ಕುರ್ಚಿ ಹಾಕಿಕೊಂಡಿದ್ದ ಚಿಕ್ಕಪ್ಪಂದಿರು ಅವನು ನೀರಿನ ಲೋಟ ಹಿಡಿದು ಒಳಗೆ ಬಂದಾಗ ಹೀಗೇ ಸುಮ್ಮನಾಗಿದ್ದರು. ಒಬ್ಬ ಲೋಟ ತೆಗೆದುಕೊಂಡು, ಕುಡಿಯದೆ, ಕಾಲ ಬಳಿ ಇಟ್ಟಿದ್ದ. ಇಂಥದ್ದನ್ನೆಲ್ಲ ನಾನು ನಂಬುವವನಲ್ಲ, ಎಂದ ಲೈಸನ್ ಗಟ್ಟಿಯಾಗಿ, ಗೂಟಕ್ಕೆ ಕೇಳಲಿ ಅನ್ನುವ ಹಾಗೆ. ಗುದ್ದಲಿ ಎತ್ತಿದ. ಎತ್ತಿದ್ದು ತಲೆಯ ಮೇಲೆಯೇ ನಿಂತಿತು. ನೆಲಕ್ಕೆ ತಾಗಿಸದೆ ಮೆಲ್ಲಗೆ ಇಳಿಸಿದ.

"ಮಗಾ, ಅವರಿಗೆ ಕೂತ್ಕೊಳ್ಳೋಕೆ ಹೇಳೋ," ಎಂದಳು ಅವ್ವ.

ಗಾಳಿಚೀಲದ ಕಂಬದ ಬುಡದಲ್ಲಿ ಚಾಪೆ ಹಾಸಿಕೊಂಡು ಕೂತಿದ್ದಳು. ಇರುವುದರಲ್ಲಿ ಚೆನ್ನಾಗಿರುವ ಬಟ್ಟೆ ಸುತ್ತಿ, ತಲೆಗೆ ಅದೇ ಬಣ್ಣದ ವಸ್ತ್ರ ಕಟ್ಟಿ, ಪಕ್ಕದಲ್ಲಿ ಗಂಟು ಇಟ್ಟುಕೊಂಡು.

"ಯಾರಿಗೆ?"

"ಅಷ್ಟು ಜನ ಬೆಳಗಿಂದ ನಿಂತೇ ಇದಾರಲ್ಲ. ವಿಮಾನ ಹತ್ತೋಕೆ ಬಂದೋರಾ? ಎಲ್ಲರಿಗೂ ಜಾಗ ಆಗಲ್ಲ ಅಂತ ಹೇಳ್ಬಿಡು, ಪಾಪ."

"ಅವು ಗೂಟ ಕಣವ್ವಾ."

"ಗೂಟ ಅಂತೆ! ಗೂಟ ಯಾವತ್ತಾದ್ರೂ ನಿಂತು ನಿಂತು ಕಾಲು ಬದಲಾಯಿಸ್ತದಾ?"

"ಕಣ್ಣು ಕಾಣದೋಳು ಸುಮ್ನೆ ಕೂತ್ಕೋ!" ಎಂದು ಕಿರುಚಿದ. ಕಿರುಚಿದ್ದು ಬಯಲಿನ ಆ ತುದಿಗೆ ಹೋಗಿ ವಾಪಸ್ಸು ಬಂತು. ಅವ್ವ ಗಂಟನ್ನು ಈ ಕಡೆಯಿಂದ ಆ ಕಡೆಗಿಟ್ಟುಕೊಂಡಳು, ಅಷ್ಟೆ. ಅವಳು ಹಾಗೆ ಗಂಟು ಸರಿಸಿದ್ದನ್ನು ನೋಡಲಾರದೆ ಅವನು ಸಾಲುಗಳ ಕಡೆ ತಿರುಗಿದ. ಒಂದು ಕ್ಷಣ, ಬಿಸಿಲು ಕಣ್ಣಿಗೆ ಹೊಡೆದು, ಅವನಿಗೂ ಜನರೇ ಕಂಡರು: ಸರದಿಯಲ್ಲಿ ನಿಂತು, ಮುಂದಿನವರ ಬೆನ್ನು ನೋಡುತ್ತ, ಯಾರೋ ತಮ್ಮ ಹೆಸರು ಕೂಗಲಿ ಎಂದು ಕಾಯುವವರು. ಕಣ್ಣುಜ್ಜಿಕೊಂಡರೆ ಎಲೆ.

ಹಳೆಯ ಕೋಟು ತೊಟ್ಟ ಊರ ಹಿರಿಯ ಕವುಂಬು ಬಯಲಿನ ಅಂಚಿನವರೆಗೆ ಬಂದು ನಿಂತಿದ್ದ. ಹಿಂದೆ ಹೆಂಡತಿ ನ್ಯಾಚಿಯೆಸು, ಅಂದರೆ ಚಿಯೆಸುವಿನ ತಾಯಿ, ತಲೆಯ ಮೇಲೆ ರಾಗಿ ಹೆಂಡದ ಬುರುಡೆ. ಇಲ್ಲಿ ಹೆಂಗಸರಿಗೆ ಚೊಚ್ಚಲು ಮಗುವಿನ ಹೆಸರೇ ಹೆಸರು. ಅವ್ವನೂ ಊರಿಗೆ ನ್ಯಾಲೈಸನ್.

"ಏನಪ್ಪಾ ಕಿಟ್ವೆ, ಗುದ್ದಲಿಗೆ ಬಿಸಿಲು ಕಾಯಿಸ್ತಾ ಇದೀಯಾ?" ಎಂದ ಕವುಂಬು.

"ಅವನಿಗೇನು ಗೊತ್ತು ಬಿಡಿ. ಅವನೂರಲ್ಲಿ ಮರ ಅಂದ್ರೆ ಲೈಟುಕಂಬ," ಎಂದಳು ನ್ಯಾಚಿಯೆಸು. "ಪುಣ್ಯ, ಅದನ್ನ ಕಡಿದು ತಂದು ನೆಡಲಿಲ್ಲ."

"ಅಷ್ಟು ಗೊತ್ತಿದ್ರೆ ನೀವೇ ಒಂದು ಕಿತ್ತು ತೋರ್ಸಿ ಅಜ್ಜಾ."

"ನೆಟ್ಟೋನು ನೀನು, ಕೀಳೋನು ನಾನಾ? ಆ ವಿಮಾನದಲ್ಲಿ ನನ್ನ ಕನ್ನಡಕ ಬರ್ತಾ ಇದೆ, ಅದಕ್ಕೆ ಬಂದೆ. ಇಲ್ದಿದ್ರೆ ನಿನ್ನ ಬಯಲಿಗೆ ಉಗಿಯೋಕೂ ಬರ್ತಿರ್ಲಿಲ್ಲ." ಹಾಗೆಂದವನು ಕೋಟಿನ ಜೇಬಿನಿಂದ ಬಿಳಿ ಮಣ್ಣಿನ ಉಂಡೆ ತೆಗೆದ. ದನಿ ಇಳಿಸಿದ. "ಕೇಳಿಲ್ಲಿ. ಹೆಸರಿಲ್ಲದೋರಿಗೆ ಏಳಿ ಅಂತ ಹೇಗೆ ಹೇಳ್ತೀಯಾ? ಯಾರಿಗೆ ಹೇಳ್ತೀಯಾ? ಮೊದಲು ಹೆಸರು ಕೊಡು. ಹೆಸರು ಹಿಡಿದು ಕರಿ. ಇಲ್ಲಿ ಬೇಡ, ಊರೊಳಗೆ ಬನ್ನಿ ಅಂತ ಕರೆದು, ಸತ್ತೋರಿಗೆ ಮರ್ಯಾದೆಗೆ ತಟ್ಟೋ ಹಾಗೆ ಅಂಗೈ ತಟ್ಟಿ, ಬೇರು ಸಮೇತ ಕೀಳು. ಆಮೇಲೆ ತಗೊಂಡು ಹೋಗಿ ಮನೆ ಮುಂದೆ ನೆಡೋಣ. ಸತ್ತೋರ ಹೆಸರು ಮಾತ್ರ, ಕರೆದ ಹೆಸರಿನೋನು ಆ ಗೂಟದಲ್ಲೇ ನಿಲ್ತಾನೆ. ಒಂದು ಹೆಸರು ಒಂದೇ ಸಲ."

"ನಂಗೆ ಯಾರ ಹೆಸರು ಗೊತ್ತಿದೆ ಇಲ್ಲಿ?"

"ನಾನು ಹೇಳ್ತೀನಿ," ಎಂದಳು ಅವ್ವ ಕಂಬದ ಬುಡದಿಂದ. ಕಿರುಚಿಸಿಕೊಂಡದ್ದನ್ನು ಮರೆತ ದನಿಯಲ್ಲಿ. "ಮೊದಲು ನಿನ್ನ ಮಾವನ್ನ ಕರಿ. ಅವನ ಬಯಲು ಇದು."

ಮಕಿನಾ, ಎಂದ ಲೈಸನ್. ಕವುಂಬು ಗೂಟಕ್ಕೆ ಬಿಳಿ ಮಣ್ಣು ಎಳೆದ, ನ್ಯಾಚಿಯೆಸು ಬುಡಕ್ಕೆ ಒಂದು ಗುಟುಕು ಹೆಂಡ ಚೆಲ್ಲಿದಳು, ಮೂವರೂ ಮೆಲ್ಲಗೆ ಅಂಗೈ ತಟ್ಟಿದರು. ಗುದ್ದಲಿ ಹಾಕಿ ಎಳೆದರೆ ಗೂಟ ಎದ್ದುಬಂತು, ಎಬ್ಬಿಸಲು ಕೈ ಕೊಟ್ಟಾಗ ಮುದುಕನೊಬ್ಬ ಮೊದಲು ಭಾರ ಬಿಟ್ಟು ಆಮೇಲೆ ತಾನೇ ಏಳುವ ಹಾಗೆ. ಬೇರಿನ ಮಣ್ಣು ಬೆಚ್ಚಗಿತ್ತು. ಮೇಲಿನ ಮರಳು ಇನ್ನೂ ತಂಪಾಗಿರುವಾಗ ಒಳಗಿನದು ಬೆಚ್ಚಗಿತ್ತು. ಅವನು ಅದನ್ನು ಯಾರಿಗೂ ಹೇಳಲಿಲ್ಲ. ವಿಸಾಂಬಾ, ಎಂದಳು ಅವ್ವ. ಅವಳು ನನ್ನವ್ವನ ಅಕ್ಕ, ಮೀನು ತಿನ್ನುತ್ತಿರಲಿಲ್ಲ. ಲುಂಬಾಲಾ. ಕಪಾಲು. ಮುಟೊಂಡು, ಅವನು ಕಿವುಡ, ಜೋರಾಗಿ ಕೂಗು. ಲೈಸನ್ ಜೋರಾಗಿ ಕೂಗಿದ. ಎಂದೂ ನೋಡದ ಮುದುಕರು, ಮೊಸಳೆ ಎಳೆದುಕೊಂಡು ಹೋದವರು, ಹೆರಿಗೆಯಲ್ಲಿ ಹೋದವರು, ಹುಟ್ಟಿ ಹೆಸರಿಟ್ಟ ವಾರದಲ್ಲೇ ಹೋದ ಕೂಸುಗಳು. ಅವ್ವ ಒಬ್ಬೊಬ್ಬರನ್ನೂ ಹೆಸರಿಗೊಂದು ಮಾತು ಸೇರಿಸಿ ಕಳಿಸುತ್ತಿದ್ದಳು. ಒಬ್ಬನ ಹೆಸರಿಗೆ ನಕ್ಕು ಬಾಯಿಗೆ ಸೆರಗು ಒತ್ತಿಕೊಂಡಳು. ಇಷ್ಟು ಜನ ಇದ್ದರೇ ನನಗೆ, ಅನ್ನಿಸಿತು ಅವನಿಗೆ. ಕಿಟ್ವೆಯಲ್ಲಿ ಬೀಗ ಹಾಕಿದ ಬಾಗಿಲ ಮುಂದೆ ಅವ್ವನೂ ತಾನೂ ಹಾಸಿಗೆಯ ಸುರುಳಿಯ ಮೇಲೆ ಕೂತಿದ್ದಾಗ ಎಲ್ಲಿದ್ದರು ಇವರೆಲ್ಲ? ಬೆವರು ಕಣ್ಣಿಗಿಳಿದು ಉರಿಯಿತು. ಒಂದು ಸಾಲು ಮುಗಿದು ಇನ್ನೊಂದು ಅರ್ಧವಾಯಿತು. ಕಿತ್ತ ಗೂಟಗಳು ಅಂಚಿನ ಹುಲ್ಲಲ್ಲಿ, ಮೇಲಿಂದ ಅಂಚು ಕಾಣುವ ಹಾಗೆ, ಒಂದರ ಪಕ್ಕ ಒಂದು ಮಲಗಿದವು. ಬಯಲು ಅಗಲವಾಗುತ್ತ ಬಂತು.

ಅವ್ವನ ಹೆಸರುಗಳು ಮುಗಿದ ಮೇಲೆ ಕವುಂಬು ತನ್ನ ಕಡೆಯವರನ್ನು ಸಾಲ ಕೊಟ್ಟ. ಅವನದೂ ಮುಗಿದಾಗ ನ್ಯಾಚಿಯೆಸು, "ನನ್ನ ಮೊದಲನೇ ಗಂಡನ್ನ ಹಾಕು. ಒಳ್ಳೇ ಮನುಷ್ಯ. ತಾನೇ ನೀರು ಸೇದಿ ಸ್ನಾನ ಮಾಡ್ತಿದ್ದ," ಎಂದಳು.

"ಹಾಕು ಹಾಕು. ಅವನನ್ನ ನಮ್ಮನೆ ಮುಂದೆ ಮಾತ್ರ ನೆಡಬೇಡ," ಎಂದ ಕವುಂಬು.

ಎಲ್ಲರೂ ನಕ್ಕರು. ಲೈಸನ್ ಕೂಡ. ಈ ಊರಲ್ಲಿ ಬೇರೆಯವರು ನಕ್ಕಾಗ ತಾನೂ ಜೊತೆಗೆ ನಕ್ಕದ್ದು ಅದೇ ಮೊದಲು. ನಗು ಮುಗಿಯುವ ಮುಂಚೆಯೇ ದೂರದಲ್ಲಿ, ಮುಚ್ಚಿದ ಡಬ್ಬಿಯೊಳಗೆ ಜೀರುಂಡೆ ಸಿಕ್ಕಿದಂಥ ಸದ್ದು. ವಿಮಾನ. ಬಯಲಿನ ನಡುಭಾಗದಲ್ಲಿ, ಎಡಗಡೆ, ಒಂದೇ ಗೂಟ ಉಳಿದಿತ್ತು.

"ಇನ್ನೊಂದು ಹೆಸರು ಅಜ್ಜಾ, ಬೇಗ."

"ಇಲ್ಲ ಕಣೋ. ಸಾಯೋದಕ್ಕೂ ಜನ ಬೇಕಲ್ಲ."

"ದುವಾರ್ತ್ ಅನ್ನಲಾ?"

"ಅವನು ಸತ್ತದ್ದನ್ನ ಯಾರು ನೋಡಿದಾರೆ? ಬಂದು ಮೇಣ ಎಲ್ಲಿ ಅಂದ್ರೆ ನೀನು ಕೊಡ್ತೀಯಾ?"

ಸದ್ದು ದೊಡ್ಡದಾಯಿತು. ಮರಗಳ ಮೇಲೆ ಬೆಳ್ಳಗೆ ಕಾಣಿಸಿಕೊಂಡ ವಿಮಾನ ಬಯಲಿನ ಉದ್ದಕ್ಕೂ ತಗ್ಗಿ ಬಂದು, ಉಳಿದ ಗೂಟ ನೋಡಿತೇನೋ, ಮೂಗೆತ್ತಿ ಮೇಲಕ್ಕೆ ಹೋಯಿತು. ನೆರಳು ಅವನ ಮೈಮೇಲೆ ಹರಿದು ಹೋದಾಗ ತಣ್ಣೀರು ಎರಚಿದ ಹಾಗಾಯಿತು. ಲೈಸನ್ ಗೂಟವನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದು ಅಪ್ಪನ ಹೆಸರು ಕೂಗಿದ: ಡೇವಿಸನ್ ಕಹಿಲು! ಎಳೆದ. ಜಗ್ಗಲಿಲ್ಲ. ಗುದ್ದಲಿ ಹಾಕಿದರೆ ಕಲ್ಲಿಗೆ ಹಾಕಿದ ಹಾಗೆ ಕೈ ಝುಮ್ಮೆಂದಿತು. ಮರಳಲ್ಲಿ ಕಲ್ಲೆಲ್ಲಿಂದ ಬರಬೇಕು? ಡೇವಿಸನ್ ಕಹಿಲು, ಅಪ್ಪಾ, ನಾನು ಕಣಪ್ಪಾ!

"ಅವನು ಅವನ ತಾಯಿ ಕಡೆ ಸೇರಿರ್ತಾನೆ," ಎಂದ ಕವುಂಬು, ಮೊದಲ ಸಲ ಮರುಕದ ದನಿಯಲ್ಲಿ. "ನೀನು ಕರೆದ್ರೆ ಯಾಕೆ ಬರ್ತಾನೆ? ನೀನು ಅವನಿಗೆ ಏನಾಗಬೇಕು?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಆ ಮರುಕ ಮೈಯಲ್ಲಿ ಕಾದ ಎಣ್ಣೆಯಂತೆ ಇಳಿಯಿತು. ಚಿಕ್ಕಪ್ಪ ಕಾಲ ಬಳಿ ಇಟ್ಟ ನೀರಿನ ಲೋಟ. ಸೈಕಲ್ಲಿಂದ ಬಿದ್ದು ನಕ್ಕ ಅವ್ವ. ಮಾವನ ಬಾಗಿಲಲ್ಲಿ ನುಂಗಿಕೊಂಡ ಒಂದು ಮಾತು. ಮೇಲೆ ವಿಮಾನ ದೊಡ್ಡ ಸುತ್ತು ಹಾಕಿ ತಿರುಗುತ್ತಿತ್ತು. ಇನ್ನೊಂದು ಸಲ ನೋಡಿ ಹೋಗಿಬಿಡುತ್ತಾನೆ. ಅವ್ವ ಚಾಪೆಯ ಮೇಲೆ ಎದ್ದು ನಿಂತು ಆಕಾಶದ ತಪ್ಪು ಮೂಲೆಗೆ ಮುಖ ಎತ್ತಿ, "ಹೊರಟೋಯ್ತಾ? ಮಗಾ, ಹೊರಟೋಯ್ತಾ?" ಎನ್ನುತ್ತಿದ್ದಳು.

"ಲೈಸನ್!" ಎಂದು ಕೂಗಿದ ಅವನು ಗೂಟದ ಮುಖಕ್ಕೆ. "ಲೈಸನ್ ಕಹಿಲು! ಬಾ ಆಚೆ! ಬಾರೋ!"

ಗೂಟ ಹಿಟ್ಟಿನೊಳಗಿಂದ ಬೆರಳು ಬಂದಂತೆ ಬಂತು. ಎಳೆದ ಜೋರಿಗೆ ಅವನು ಅಂಗಾತ ಬಿದ್ದ, ಎದೆಯ ಮೇಲೆ ಗೂಟ, ಮುಖದ ಮೇಲೆ ಅದರ ಎಲೆ. ಬಿದ್ದಲ್ಲೇ ಅದನ್ನು ಪಕ್ಕಕ್ಕೆ ಉರುಳಿಸಿ, ಎಳೆದುಕೊಂಡು ಅಂಚಿಗೆ ಓಡಿದ. ಏನೋ ಕಮ್ಮಿಯಾಗಿತ್ತು. ಆಮೇಲೆ ಗೊತ್ತಾಯಿತು, ಯಾರೂ ಅಂಗೈ ತಟ್ಟಿರಲಿಲ್ಲ. ನ್ಯಾಚಿಯೆಸು ಹೆಂಡದ ಬುರುಡೆಯನ್ನು ನೆಲಕ್ಕಿಟ್ಟು ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡಿದ್ದಳು.

"ಕೊನೇದು ಯಾರು?" ಎಂದು ಕೇಳಿದಳು, ವಿಮಾನದ ಸದ್ದಿಗೆ ಹೆಸರು ಕೇಳಿಸದಿದ್ದ ಅವ್ವ. "ಯಾರನ್ನ ಕರೆದ ಅವನು?"

ವಿಮಾನ ಇಳಿಯಿತು. ಮರಳು ಎದ್ದು ಎಲ್ಲರನ್ನೂ ಮುಚ್ಚಿ ಮೆಲ್ಲಗೆ ಕೂತಿತು. ಕ್ಯಾಪ್ಟನ್ ಸಿಲುಮೆಸಿ ಒಬ್ಬನೇ ಇಳಿದ, ಡಾಕ್ಟರಮ್ಮ ಬಂದಿರಲಿಲ್ಲ. ದಪ್ಪ ಮನುಷ್ಯ, ಕಪ್ಪು ಕನ್ನಡಕ, ಕಿಟ್ವೆಯವರು ಆಡುವ ಬೆಂಬಾ ಮಾತು. ಸೀದಾ ಲೈಸನ್ ಹತ್ತಿರ ಬಂದು ಕೈ ಕುಲುಕಿದ.

"ಏನ್ ಗುರೂ, ಭಲೇ ಇಟ್ಟಿದೀಯಲ್ಲೋ ಬಯಲು! ನಡುವಿನ ಮರ ನೋಡಿ ಹೋಗೇಬಿಡೋಣ ಅಂತಿದ್ದೆ. ನನ್ನ ಕಣ್ಣೆದುರೇ ಕಿತ್ತಲ್ಲ ಮಾರಾಯ." ತಣ್ಣಗಿನ ಬಾಟಲಿಯೊಂದನ್ನು ಅವನ ಕೈಗಿಟ್ಟ. "ಆ ಗಾಳಿಚೀಲ ಬಿಚ್ಚಿಕೊಡು. ವಾಪಸ್ಸು ತಗೊಂಡು ಹೋಗ್ಬೇಕು."

"ಹೊಸದು ತಂದಿದೀರಾ?"

"ಹೊಸದು ಯಾಕೆ? ಇದೇ ಕೊನೇ ಸಲ." ಅವನು ಕಪ್ಪು ಕನ್ನಡಕ ತೆಗೆದು ಅಂಗಿಗೆ ಒರೆಸಿದ. "ಚಿಪುಂಗಾದ ಬಯಲಲ್ಲಿ ಅನಾನಸ್ ಹಾಕಿದ್ರು. ಕಲೊಂಬೆಯದ್ದರಲ್ಲಿ ಅದರ ಯಜಮಾನನೇ ಇಟ್ಟಿಗೆ ಸುಡ್ತಾ ಇದಾನೆ. ಲುವೆಜಿಯದು ಎಲ್ಲಿತ್ತು ಅಂತ ಮೇಲಿಂದ ಹುಡುಕಿದೆ, ಸಿಗಲೇ ಇಲ್ಲ, ಕಾಡು ನುಂಗಿಬಿಟ್ಟಿದೆ. ಉಳಿದದ್ದು ನಿನ್ನದೊಂದು. ಒಂದೇ ಬಯಲಿಗೋಸ್ಕರ ಯಾರಪ್ಪಾ ವಿಮಾನ ಸಾಕ್ತಾರೆ? ಮಾರಿಬಿಟ್ರು. ನಕ್ಷೆಯಿಂದ ನಿನ್ನ ಊರನ್ನ ತೆಗೆದು ಹಾಕಿದಾರೆ. ಅದನ್ನ ಹೇಳಿ ಹೋಗೋಣ ಅಂತ ಬಂದೆ, ಮನಸ್ಸು ತಡೀಲಿಲ್ಲ."

ಬಾಟಲಿ ಲೈಸನ್‌ನ ಅಂಗೈಯ ಒಡೆದ ಬೊಬ್ಬೆಗಳನ್ನು ಸುಡುತ್ತಿತ್ತು, ತಣ್ಣಗಿದ್ದೂ. ಹೊಡೆಯಬೇಕು ಅನ್ನಿಸಿತು, ಆದರೆ ಹೊಡೆಯುವುದು ಯಾರನ್ನು? ಹೇಳಿ ಹೋಗಲೆಂದು ಬಂದವನು ಇವನೊಬ್ಬನೇ. ಕ್ಯಾಪ್ಟನ್ ಕವುಂಬುವಿಗೆ ಕನ್ನಡಕದ ಪೊಟ್ಟಣ ಕೊಟ್ಟ. ಕವುಂಬು ಅದನ್ನು ಮೂಗಿಗೇರಿಸಿ, ಬಾಯಿ ತೆರೆದು, ಎಲ್ಲವನ್ನೂ ನೋಡಿದ: ರೆಕ್ಕೆ, ಮರಳು, ಹೆಂಡತಿಯ ಮುಖ, ಅಂಚಿನಲ್ಲಿ ಮಲಗಿದ ಗೂಟಗಳು. ನೋಟ ಲೈಸನ್ ಇದ್ದಲ್ಲಿಗೆ ಬಂದು, ತಡೆಯಿಲ್ಲದೆ ದಾಟಿ, ಆಚೆಯ ಹುಲ್ಲಿಗೆ ಹೋಯಿತು. ಆಮೇಲೆ ಕವುಂಬು ಕೊಂಚ ಬಾಗಿ, ಎರಡು ಸಲ, ಸದ್ದಾಗದಷ್ಟು ಮೆಲ್ಲಗೆ ಅಂಗೈ ತಟ್ಟಿದ.

"ಅಜ್ಜಾ, ಆಟ ಆಡ್ಬೇಡಿ," ಎಂದ ಲೈಸನ್.

ಕವುಂಬು ಹೆಂಡತಿಗೆ, "ಬಿಸಿಲು ಜಾಸ್ತಿಯಾಯ್ತು," ಎಂದ.

"ಖಾಲಿ ಹೋಗ್ತಾ ಇದೀನಿ," ಎಂದ ಕ್ಯಾಪ್ಟನ್. "ನಿಮ್ಮವ್ವನ್ನ ಹತ್ತಿಸು. ಕಣ್ಣಾಸ್ಪತ್ರೆ ಬಾಗಿಲಿಗೆ ಬಿಟ್ಟು, ಡಾಕ್ಟರಮ್ಮನ ಕೈಗೆ ಒಪ್ಪಿಸೋ ಜವಾಬ್ದಾರಿ ನಂದು. ಇವತ್ತಾದ್ರೆ ಆಯ್ತು. ಇಲ್ಲ ಅಂದ್ರೆ ಇಲ್ಲ."

ಅವ್ವನನ್ನು ಕೈ ಹಿಡಿದು ಕರೆತಂದದ್ದು ನ್ಯಾಚಿಯೆಸು. ನಡೆಯುತ್ತ ಅವಳ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ಅವ್ವನ ಕಾಲು ಒಂದು ಸಲ ತಡವರಿಸಿತು, ಆಮೇಲೆ ನೆಟ್ಟಗಾಯಿತು. ಕ್ಯಾಪ್ಟನ್ ಅವಳನ್ನು ಸೀಟಿಗೆ ಕೂರಿಸಿ ಬೆಲ್ಟು ಬಿಗಿದ. ಲೈಸನ್ ಬಾಗಿಲಿಗೆ ಹತ್ತಿ ಅವಳ ಮೊಣಕಾಲು ಮುಟ್ಟಿದ. "ಅವ್ವಾ, ಹೆದರ್ಕೋಬೇಡ. ನಾನು ನಾಳೆನೇ ನದಿ ದಾಟಿ ಬಸ್ಸಿಗೆ ಬಂದುಬಿಡ್ತೀನಿ." ಅವಳ ಕೆನೆಗಟ್ಟಿದ ಕಣ್ಣು ಅವನ ಮುಖದ ಮೇಲೇ ಇತ್ತು. ಮೊಣಕಾಲು ಸಣ್ಣಗೆ ನಡುಗಿತು, ನೊಣ ಕೂತರೆ ಹಸುವಿನ ಚರ್ಮ ನಡುಗುವಷ್ಟೇ.

"ನ್ಯಾಚಿಯೆಸು," ಎಂದಳು ಅವ್ವ, ಹೊರಗೆ ಮುಖ ಮಾಡಿ. "ಕೊನೇದು ಎಲ್ಲಿದೆ?"

"ಅಲ್ಲೇ ಬಿದ್ದಿದೆ ಅಕ್ಕಾ."

"ನೆರಳಲ್ಲಾ?"

"ಬಿಸಿಲಲ್ಲಿ."

ಅವ್ವ ಬೆಲ್ಟಿನ ಮೇಲೆ ಕೈಯಾಡಿಸತೊಡಗಿದಳು. ಕೊಂಡಿ ಸಿಗಲಿಲ್ಲ, ಉಗುರಿನಿಂದ ಕೆರೆದಳು. "ಇದನ್ನ ಬಿಚ್ಚು ಕ್ಯಾಪ್ಟನ್."

"ಯಾಕಮ್ಮಾ? ನಾನು ಮತ್ತೆ ಬರಲ್ಲ, ಗೊತ್ತಾಯ್ತಾ? ಯಾರೂ ಬರಲ್ಲ. ಕಣ್ಣು ಪೂರ್ತಿ ಹೋಗ್ತದೆ."

"ಗೊತ್ತಪ್ಪಾ. ಬೇರು ಒಣಗ್ತದೆ. ಇರೋನು ಒಬ್ಬನೇ ಮಗ, ಅವನನ್ನ ಬಿಸಿಲಲ್ಲಿ ಬಿಟ್ಟು ಎಲ್ಲಿಗೆ ಹೋಗಲಿ ನಾನು?"

"ಅವ್ವಾ, ಇಲ್ಲೇ ಇದೀನಲ್ಲೇ!" ಲೈಸನ್ ಅವಳ ಎರಡೂ ಭುಜ ಹಿಡಿದು ಅಲುಗಿಸಿದ. "ನೋಡಿಲ್ಲಿ, ನಾನು! ಮುಟ್ಟಿ ನೋಡು! ನಿನ್ನ ಕಣ್ಣಿಗೋಸ್ಕರ ಅಂದೆ ಕಣೇ, ಬಾಯಿಗೆ ಬಂದದ್ದು ಅಂದೆ!" ಅವಳು ಅಲುಗಿದಷ್ಟೂ ಅಲುಗಿದಳು. ಕ್ಯಾಪ್ಟನ್ ಇಬ್ಬರನ್ನೂ ನೋಡಿ, "ಇವನೇ ಅಲ್ವೇನಮ್ಮಾ ನಿಮ್ಮ ಮಗ?" ಎಂದ. ಅವ್ವ ಆ ದನಿಯ ಕಡೆ ತಿರುಗಿ, ಪರವೂರಿನ ಕೂಸು ತಿಳಿಯದೆ ಏನೋ ಕೇಳಿದಾಗ ದೊಡ್ಡವರು ನಗುತ್ತಾರಲ್ಲ, ಹಾಗೆ ನಕ್ಕಳು.

ಕ್ಯಾಪ್ಟನ್ ಬೆಲ್ಟು ಬಿಚ್ಚಿದ. ಇಳಿದಳು. ಯಾರೂ ಕೈ ಹಿಡಿಯದಿದ್ದರೂ ಸೀದಾ ನಡೆದು, ಅಷ್ಟೂ ಗೂಟಗಳಲ್ಲಿ ಅದೊಂದನ್ನೇ ತಡವಿ ಕಂಡುಕೊಂಡು, ತಲೆವಸ್ತ್ರ ಬಿಚ್ಚಿ ಅದರ ಬೇರಿಗೆ ಸುತ್ತಿದಳು. ವಿಮಾನ ಓಡಿತು, ಎದ್ದಿತು. ಕಿಟಕಿಯಲ್ಲಿ ಕ್ಯಾಪ್ಟನ್ ಕೈ ಬೀಸಿದ್ದು ಲೈಸನ್‌ಗೆ, ಲೈಸನ್‌ ಒಬ್ಬನಿಗೇ. ಅದು ಸಾಸಿವೆಯಷ್ಟಾಗಿ ಕರಗುವ ತನಕ ಅವನು ಬಯಲಿನ ನಡುವೆ ಎರಡೂ ಕೈ ಎತ್ತಿ ನಿಂತಿದ್ದ, ತನ್ನನ್ನು ಕಾಣುವ ಆ ಎರಡೇ ಕಣ್ಣುಗಳಲ್ಲಿ ತಾನು ಎಷ್ಟು ಹೊತ್ತು ಇರುತ್ತೇನೋ ಅಷ್ಟೂ ಹೊತ್ತು.

ಅವ್ವ ಗೂಟವನ್ನು ತಾನೇ ಹೊತ್ತಳು. ನ್ಯಾಚಿಯೆಸುವಿನ ಭುಜ ಹಿಡಿದು ಅವಳು ಮುಂದೆ, ಅವನು ಹಿಂದೆ. ದಾರಿಯಲ್ಲಿ ಸಿಕ್ಕವರು ಬದಿಗೆ ಸರಿದು ಅಂಗೈ ತಟ್ಟಿದರು. ಅವನು ಒಬ್ಬೊಬ್ಬರನ್ನೂ ಹೆಸರು ಹಿಡಿದು ಬೈದ, ಒಬ್ಬನ ಟೋಪಿ ಕಿತ್ತು ಎಸೆದ. ಟೋಪಿಯವನು ಬಗ್ಗಿ ಅದನ್ನು ಎತ್ತಿಕೊಂಡು, ಗಾಳಿ ಎದ್ದಿದೆ ಎಂದ. ಅಡುಗೆಮನೆಯ ಮುಂದೆ ಅವ್ವ ಕೈಯಿಂದಲೇ ಗುಂಡಿ ತೋಡಿ ಗೂಟ ನಿಲ್ಲಿಸಿದಳು, ಮಣ್ಣು ಒತ್ತಿದಳು, ಕೊಡ ಬಗ್ಗಿಸಿದಳು. ಸಂಜೆಯ ಮುಂಚೆ ಒಲೆ ಹೊತ್ತಿಸಿ ಮರಗೆಣಸಿನ ಹಿಟ್ಟಿನ ಮುದ್ದೆ ತಿರುವಿ, ಸೊಪ್ಪು, ಒಣಮೀನು ಬೇಯಿಸಿದಳು. ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಹೊರಗೆ ಬಂದಳು. ಬಾಗಿಲ ಪಕ್ಕ ಕೂತಿದ್ದ ಅವನನ್ನು ದಾಟುವಾಗ ಸೆರಗು ಅವನ ಮುಖಕ್ಕೆ ತಾಗಿತು. ಗೂಟದ ಬುಡದಲ್ಲಿ ತಟ್ಟೆ ಇಟ್ಟು, ಎದುರು ಕುಕ್ಕರಗಾಲಲ್ಲಿ ಕೂತಳು.

"ಲೈಸನ್, ಬಾಪ್ಪಾ. ಆರಿಹೋಗ್ತದೆ."

"ಬಂದೆ ಅವ್ವಾ," ಎಂದ ಅವನು, ಅವಳ ಬೆನ್ನ ಹಿಂದಿನಿಂದ.

ಅವಳು ತಿರುಗಲಿಲ್ಲ. ಕಾದಳು. ಬೆಳಗಿಂದ ಅವನು ಏನೂ ತಿಂದಿರಲಿಲ್ಲ. ಮೀನಿನ ವಾಸನೆಗೆ ಹೊಟ್ಟೆ ನಾಚಿಕೆಯಿಲ್ಲದೆ ಗುರುಗುಟ್ಟಿತು. ಇನ್ನೂ ಸ್ವಲ್ಪ ಹೊತ್ತು ಹಟ ಹಿಡಿದು ನೋಡಿದ. ಆಮೇಲೆ ಎದ್ದು, ಸುತ್ತಿ ಬಂದು, ಅವಳ ಎದುರು ಗೂಟಕ್ಕೆ ಬೆನ್ನು ಕೊಟ್ಟು ಕೂತು, ತಟ್ಟೆಗೆ ಕೈ ಹಾಕಿದ. ಅಗಿಯುವ ಸದ್ದಿಗೆ ಅವ್ವನ ಮುಖ ಮೆಲ್ಲಗೆ ಅರಳಿತು. ಕೈ ಚಾಚಿದಳು. ಅದು ಅವನ ಕೂದಲಿಗೆ ತಾಗಿಯೂ ನಿಲ್ಲದೆ ಮೇಲಕ್ಕೆ ಹೋಗಿ, ಬಾಡಿದ ಒಂದು ಎಲೆಯನ್ನು ಹುಡುಕಿ ಹಿಡಿದು, ಸವರಿತು.

"ಉಣ್ಣು," ಎಂದಳು.